ಹೊಳೆಗೆ ಬೆನ್ನು ಮಾಡಿ ಉಗುಳಿದವಳು

ಶಾಂತಾಯಿ ತಂಬಾಕು ಉಗುಳಬೇಕಾದರೆ ದಂಡೆ ಹತ್ತಿ, ಹೊಳೆಗೆ ಬೆನ್ನು ಮಾಡಿ, ಊರ ಕಡೆ ಉಗುಳುತ್ತಿದ್ದಳು.

"ಊರಿಗೇ ಉಗುಳ್ತಿ ಏನಬೇ ಆಯಿ?" ಎಂದು ಯಾರಾದರೂ ಕೆಣಕಿದರೆ, "ಹೊಳಿ ನೀರು ಕುಡಿತೀನಿ. ನಿನ್ನ ಊರು ಕುಡಿತೀನೇನು?" ಅನ್ನುವಳು.

ಕಮಲಾಪುರದಿಂದ ಒಳಗಿರುವ ಸಣ್ಣ ಊರು ನಮ್ಮದು. ನಳ ಬರುವ ಮೊದಲು ಬೇಸಿಗೆಗೆಲ್ಲ ವರತಿಯೇ ಗತಿ. ಹೊಳೆ ಬತ್ತಿದಾಗ ಮನೆಗೊಬ್ಬರು ಕೂಡಿ ಉಸುಕಿನಲ್ಲಿ ವರತಿಯ ಗುಂಡಿ ತೋಡುತ್ತಿದ್ದೆವು. ತಳದಲ್ಲಿ ತಿಳಿನೀರು ಒಸರುತ್ತಿತ್ತು. ಅದನ್ನು ತೆಂಗಿನ ಚಿಪ್ಪಿನಿಂದ ಮೊಗೆದು ಕೊಡ ತುಂಬುವ ಪಾಳಿ ನೋಡುವವಳು ಶಾಂತಾಯಿ. ಗೌಡರ ಸೊಸೆಯಾದರೂ ಚಪ್ಪಲಿ ಬಿಟ್ಟು ಪಾಳಿ ಹಚ್ಚಬೇಕು.

"ನಿಜಾಮನ ಕಾಲದಾಗ ಹಿರ್ಯಾರು ಗುಡಿ ನೋಡಿ ಇಲ್ಲಿ ಊರು ಕಟ್ಟಿಲ್ಲ, ಈ ವರತಿ ನೋಡಿ ಕಟ್ಯಾರ" ಅನ್ನುತ್ತಿದ್ದಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಊರಿನ ಚರಿತ್ರೆ ಕಲಿತದ್ದು ಆ ಪಾಳಿಯಲ್ಲಿ ನಿಂತೇ.

ನಳ ಬಂತು. ನಾನು ಕಲಬುರಗಿ ಪಕ್ಕದ ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತ ಶಹರದಲ್ಲೇ ಮನೆ ಮಾಡಿದೆ. ಒಮ್ಮೆ ಊರಿಗೆ ಹೋದರೆ, ಗಟಾರದ ನೀರನ್ನು ವರತಿಯ ಮೇಲ್ಗಡೆಯೇ ಹೊಳೆಗೆ ಬಿಡಲು ಕಾಲುವೆ ತೋಡುತ್ತಿದ್ದರು. ಆಯಿ ಅದರ ಬಾಯಿಗೇ ಕೂತಿದ್ದಳು.

"ಏಳಬೇ, ಮನಿ ಮನಿಗಿ ನಳ ಅದ. ನಿನ್ನ ವರತಿ ಯಾರಿಗಿ ಬೇಕು?" ಎಂದ ಪಂಚಾಯಿತಿ ಮೆಂಬರ.

"ನಳ ನಿನ್ನಿ ಬಂದದ ತಮ್ಮಾ. ನಿಮ್ಮವ್ವ ಯಾವ ನೀರು ಕುಡದು ನಿನ್ನ ಹಡದಾಳ?"

ಎಲ್ಲರೂ ನಕ್ಕರು. ಆಕೆಯ ಪಕ್ಕ ಕೂತವನು ಮಾತ್ರ ನಾನೊಬ್ಬನೇ. ಆ ನೀರಿನಲ್ಲೇ ಬೇಳೆ ಬೇಯಿಸಿ ಉಂಡವರು ಕೈಕಟ್ಟಿ ನಿಂತು ತಮಾಷೆ ನೋಡಿದರು. ಸಂಜೆ ಸ್ವಂತ ಮಗನೇ ಬಂದು ಆಯಿಯ ರಟ್ಟೆ ಹಿಡಿದು ಎಬ್ಬಿಸಿದ. ಅವನ ಬಚ್ಚಲ ನೀರಿಗೂ ದಾರಿ ಬೇಕಿತ್ತು.

ಹೋದ ಬೇಸಿಗೆ ಆಕೆಯನ್ನು ಕಡೆಯ ಸಲ ಕಂಡೆ. ನಳ ಕೆಟ್ಟಿತ್ತು, ಊರವರು ಕಮಲಾಪುರದಿಂದ ಕ್ಯಾನ್ ನೀರು ತರಿಸುತ್ತಿದ್ದರು. ವರತಿಯ ಜಾಗದಲ್ಲಿ ಕರ್ರಗೆ ನೊರೆ, ಗುಟಕಾ ಚೀಟಿ, ಮೂಗು ಮುಚ್ಚಿಸುವ ನಾತ. ಆಯಿ ಕೋಲೂರಿ ದಂಡೆ ಹತ್ತಿ, ಹೊಳೆಗೆ ಬೆನ್ನು ಮಾಡಿ ಉಗುಳಿದಳು.

"ಇನ್ನೂ ಯಾಕ ಆಯಿ? ಹೊಳಿ ಹೊಲಸಾಗೇದಲ್ಲ."

"ಹೊಳಿ ಏನ್ ಮಾಡ್ಯಾಳ? ನಮ್ಮ ಹೊಲಸು ಹೊತ್ತಾಳ."

ಮಳೆಗಾಲಕ್ಕೆ ಆಯಿ ತೀರಿಕೊಂಡಳು. ಆಕೆಯ ದಿನಕರ್ಮದ ಊಟವಾದ ಮೇಲೆ ಮಗ ಎಂಜಲು ಪ್ಲೇಟುಗಳನ್ನು ಬುಟ್ಟಿಗಟ್ಟಲೆ ತಂದು ಹೊಳೆಗೇ ಸುರಿದ. "ಕೈ ತೊಳಕೋ ಬಾ ಕಾಕಾ" ಎಂದು ನನ್ನನ್ನೂ ಕರೆದ.

ನಾನು ತಂಬಾಕು ತಿನ್ನುವವನಲ್ಲ. ಆದರೂ ದಂಡೆ ಹತ್ತಿದೆ, ಹೊಳೆಗೆ ಬೆನ್ನು ಮಾಡಿದೆ, ಊರ ಕಡೆ ಉಗುಳಿದೆ.