ಬಿಟ್ಟ ಹೆಂಚು

ನಮ್ಮೂರಿನ ಇಗರ್ಜಿಯನ್ನು ಸುತ್ತಲಿನವರು ಪಾದ್ರಿ ಗುಡಿ ಎನ್ನುತ್ತಾರೆ. ನಾನು ಸೊಸೆಯಾಗಿ ಬಂದಾಗ ಅದಕ್ಕೆ ಗೋಡೆಯಿತ್ತು, ಸೂರಿರಲಿಲ್ಲ. ಹಳೆಯ ನಾಡಹೆಂಚೆಲ್ಲ ಕುಸಿದು ಹೋಗಿ, ಪೀಠದ ಮೇಲಷ್ಟೇ ಹುಲ್ಲು ಹೊದಿಸಿದ್ದರು. ಪಾದ್ರಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡುವಾಗ ಮಳೆ ಹಿಡಿದರೆ ನಾವು ಕಂಬಳಿ ಕೊಪ್ಪೆ ಹಾಕಿಕೊಂಡು ಮೊಣಕಾಲೂರುತ್ತಿದ್ದೆವು.

ಆ ಮಳೆಗಾಲದಲ್ಲೇ ಅತ್ತೆಗೆ ಜ್ವರ ವಿಪರೀತವಾಯಿತು. ಪಾದ್ರಿಗಳು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿದರು. ಮಾವ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಅಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು ಎಲ್ಲರನ್ನೂ ಗದರಿದರು.

“ಗುಡಿಯಾಗೆ ಇಟ್ಟಿದ್ದ ನಮ್ಮತ್ತೆ ಎಣದ ಮೇಲೆ ಮಳೆ ಸುರಿದಿದ್ದು ನಂಗಿನ್ನೂ ಗ್ಯಾಪಕ ಅದೆ. ನನ್ ಮಕದ ಮೇಲೆ ನೀರು ಬಿದ್ರೆ ಎದ್ದು ಕೂತ್ಕೋತೀನಿ, ನೋಡ್ತಾ ಇರಿ. ಆ ಗುಡಿ ಸೂರು ಪೂರ್ತಿ ಮುಗಿಯೋಗಂಟ ನಾನು ಸಾಯಾಕಿಲ್ಲ.”

ಇಷ್ಟು ಹೇಳಿ ಗಂಜಿ ಕೇಳಿದರು. ವಾರದೊಳಗೆ ಎದ್ದು ಕೊಟ್ಟಿಗೆ ಗುಡಿಸತೊಡಗಿದರು.

ಅತ್ತೆ ಆ ಮಾತಾಡಿದ ದಿನವೇ ಮಾವ ಪಟೇಲರ ಮನೆಗೆ ಹೋಗಿದ್ದರು. ಊರಿನಲ್ಲಿ ನಮ್ಮವರು ಕೆಲವೇ ಮನೆ. ಆದರೆ ಇಡೀ ಊರಿಗೆ ಒಂದು ದೊಡ್ಡ ಸೂರು ಬೇಕಾಗಿತ್ತು. “ಭಾನುವಾರ ನಿಮ್ಮ ದೇವ್ರು ಇರ್ಲಿ, ಮಿಕ್ಕ ದಿನ ಐಕ್ಳು ಓದ್ಲಿ. ಕಣದಾಗೆ ಮಳೆ ಬಂದ್ರೆ ನಮ್ ರಾಗಿ ಮೂಟೆ ಒಳೀಕೆ. ಒಪ್ಪಿಗೇನಾ?” ಎಂದರು ಪಟೇಲರು. ಮಾವ ಒಪ್ಪಿದರು. ಊರಿನ ಗಾಡಿಗಳೆಲ್ಲ ಕೋಟೆ ಕಡೆಯ ಕಾಡಿನಿಂದ ಮತ್ತಿ ಮರ ಹೊತ್ತು ತಂದವು.

ಗಾರೆಯವರೆಲ್ಲ ಕನ್ನಂಬಾಡಿ ಕಟ್ಟೆ ಕೆಲಸಕ್ಕೆ ಹೋಗಿದ್ದ ಕಾಲ ಅದು. ಅಲ್ಲಿಂದ ವಾಪಸು ಬಂದಿದ್ದ ಹುಣಸೂರಿನ ಸಾಬರೊಬ್ಬರು ಸಿಕ್ಕರು. ಯಾಕೆ ಬಂದಿರಿ ಎಂದರೆ, “ಎಷ್ಟು ಕಟ್ಟಿದ್ರೂ ನೀರಿಗೇ ಕಟ್ಟೋದು. ಒಳಗೆ ಕೂರೋರು ಯಾರೂ ಇಲ್ಲ, ಬೇಜಾರು” ಎಂದರು.

ಗೋಡೆಗೆ ಗಾರೆಯಾಗುವವರೆಗೂ ಮಾವನದು ಒಂದೇ ಅವಸರ. ಮರದ ರೀಪು ಹೊಡೆದು ಹೆಂಚು ಏರತೊಡಗಿದ ಮೇಲೆ ಅವರು ಬೇರೆ ಮನುಷ್ಯರಾದರು.

“ಈ ರೀಪು ಸೊಟ್ಟ ಅದೆ ಸಾಬ್ರೆ.”

“ಸೊಟ್ಟ ಇಲ್ಲ ಯಜಮಾನ್ರೆ.”

“ನಂಗೆ ಸೊಟ್ಟಾಗೇ ಕಾಣ್ತದೆ. ಬಿಚ್ಚಿ.”

ಬೆಳಗ್ಗೆ ಕೂರಿಸಿದ ಸಾಲನ್ನು ಸಂಜೆ ಇಳಿಸುತ್ತಿದ್ದರು. ಸಾಬರು ಒಂದು ದಿನ ನಮ್ಮ ಜಗಲಿಗೆ ನೀರು ಕೇಳಲು ಬಂದು, “ನಿಮ್ಮ ಮಾವನ್ಗೆ ಏನಾಗಿದೆ ತಾಯಿ? ಹಿಂಗೇ ಆದ್ರೆ ನನ್ ಮೊಮ್ಮಕ್ಕಳ ಮದುವೇನೂ ಇದೇ ಏಣಿ ಮೇಲಿಂದ ಮಾಡ್ಬೇಕು” ಎಂದರು.

ನಾನು ಅತ್ತೆ ಆಡಿದ ಮಾತನ್ನು ಮೆಲ್ಲಗೆ ಹೇಳಿದೆ. ಸೂರು ಮುಗಿದರೆ ಅತ್ತೆ ಹೋಗಿಬಿಡುತ್ತಾರೆಂದು ಮಾವನಿಗೆ ಭಯ. ಸಾಬರು ನಗಲಿಲ್ಲ. ಚೊಂಬು ಕೆಳಗಿಟ್ಟು ಸೀದಾ ಹೋಗಿ ಮಾವನಿಗೆ ಹೇಳಿದರು: “ಬಾಗಿಲ ಹತ್ರ ಒಂದು ಹೆಂಚು ಬಿಟ್ಟುಬಿಡೋಣ. ಒಂದು ಬಾಕಿ ಇದ್ರೂ ಕೆಲಸ ಬಾಕೀನೇ. ನಿಮ್ಮ ದೇವ್ರು ಕೇಳಿದ್ರೂ ಸರಿ, ನಮ್ಮ ದೇವ್ರು ಕೇಳಿದ್ರೂ ಸರಿ, ನಾನು ಸಾಕ್ಷಿ.”

ಹಾಗೆ ಉಳಿದ ಹೆಂಚು ನಮ್ಮ ಮನೆಗೆ ಬಂತು. ಆಮೇಲೆ ಎಷ್ಟೋ ವರ್ಷ ನಮ್ಮ ಕೋಳಿಪಂಜರದ ಮುಚ್ಚಳಕ್ಕೆ ಭಾರವಾಗಿ ಕೂತಿತ್ತು.

ಇಗರ್ಜಿಯ ನೆಲದ ಮೇಲೆ ಒಂದು ಹೆಂಚಿನಷ್ಟು ಬಿಸಿಲು ಬೀಳತೊಡಗಿತು. ಅದು ಕಂಬ ಮುಟ್ಟಿದರೆ ಮಕ್ಕಳಿಗೆ ಊಟದ ಬಿಡುವು. ರಾಗಿ ಮೂಟೆ ತಂದವರು ಆ ಜಾಗ ಬಿಟ್ಟು ಪೇರಿಸುತ್ತಿದ್ದರು. ಮಳೆ ಬಂದರೆ ಅಲ್ಲಿ ಒಂದು ಮಡಕೆ. ಉಪದೇಶದ ನಡುವೆ ಹನಿ ಟಪ್ಪೆಂದಾಗ ಪಾದ್ರಿಗಳು ತಲೆಯೆತ್ತಿ ನೋಡುವರು, ಗುಟ್ಟು ಬಲ್ಲ ನಾವೆಲ್ಲ ತಲೆ ತಗ್ಗಿಸುತ್ತಿದ್ದೆವು.

ಅತ್ತೆಗೆ ಇದು ಗೊತ್ತಿಲ್ಲವೆಂದು ಮಾವ ನಂಬಿದ್ದರು. ಅತ್ತೆಯೋ ಮಡಕೆಯ ಜಾಗದಲ್ಲೇ ಚಾಪೆ ಹಾಸಿ, ಆ ಬಿಸಿಲಿಗೆ ಮಂಡಿ ಕಾಯಿಸಿಕೊಂಡು ಜಪಮಾಲೆ ಎಣಿಸುತ್ತಿದ್ದರು. ಒಮ್ಮೆ ನನ್ನನ್ನು ತಿವಿದು, “ನಿಮ್ಮಾವನ್ ಕಿತಾಪತಿ ನಂಗೊತ್ತಿಲ್ಲ ಅನ್ಕಂಡವ್ರೆ. ಯೋಳ್ಬ್ಯಾಡ ಕಣೆ, ನಾಚ್ಕೋತಾರೆ” ಎಂದರು.

ಈ ಸುಗ್ಗಿಯಲ್ಲಿ, ಯಾವ ಜ್ವರವೂ ಇಲ್ಲದೆ, ಮಧ್ಯಾಹ್ನ ಮಲಗಿದ ಅತ್ತೆ ಏಳಲಿಲ್ಲ.

ಮಾವ ಅವರ ತಲೆದೆಸೆಯಲ್ಲಿ ಕೂತು, “ಮಾತಿಗೆ ತಪ್ಪಿದ್ಲು ಕಣವ್ವ. ಇನ್ನೂ ಒಂದೆಂಚು ಬಾಕಿ ಇತ್ತು” ಎಂದರು.

ಆಮೇಲೆ ತಾವೇ ಎದ್ದು ಕೋಳಿಪಂಜರದ ಹತ್ತಿರ ಹೋದರು. ಹೆಂಚನ್ನು ಬಾವಿಕಟ್ಟೆಗೆ ತಂದು ಬೂದಿ ಹಾಕಿ ಉಜ್ಜಿದರು. ನಾನು ತೊಳೆಯುತ್ತೇನೆ ಎಂದರೂ ಬಿಡಲಿಲ್ಲ.

ಹೇಳಿಕಳಿಸಿದ್ದರಿಂದ ಮಾರನೆಯ ಬೆಳಿಗ್ಗೆ ಹುಣಸೂರಿನಿಂದ ಸಾಬರು ಬಂದರು. ಗಡ್ಡ ಬೆಳ್ಳಗಾಗಿತ್ತು. ಇಗರ್ಜಿಗೆ ಏಣಿ ಹಾಕಿ ಹತ್ತಿ, ತೂತಿನ ಪಕ್ಕ ಕೂತು ಕೈ ಚಾಚಿದರು. ಮಾವ ಹೆಂಚನ್ನು ಎದೆಗವಚಿಕೊಂಡು ಕೆಳಗೆ ನಿಂತಿದ್ದರು.

“ಕೊಡಿ ಯಜಮಾನ್ರೆ.”

“ಇದು ಸೊಟ್ಟ ಅದೆ ಸಾಬ್ರೆ.”

“ಸೊಟ್ಟ ಇಲ್ಲ.”

“ಇನ್ನೊಂದ್ಸಲ ನೋಡಿ.”

ಸಾಬರು ಬಗ್ಗಿ ನೋಡಿದರು. “ಹೂಂ, ಸ್ವಲ್ಪ ಸೊಟ್ಟ ಇದೆ” ಎಂದರು. “ಕೂರ್ತದೆ. ಕೊಡಿ.”

ಮಾವ ಏಣಿಯ ನಾಲ್ಕು ಮೆಟ್ಟಿಲು ಹತ್ತಿ ಕೊಟ್ಟರು. ಅತ್ತೆಯ ಚಾಪೆಯ ಮೇಲಿದ್ದ ಬಿಸಿಲು ಹೋಯಿತು. ನಾನು ಚಾಪೆ ಸುತ್ತಿ ಎತ್ತಿಕೊಂಡೆ. ಆಮೇಲೆ ಅತ್ತೆಯನ್ನು ಒಳಕ್ಕೆ ತಂದರು.