ಯಾರ್ಕ್ ಗೋಡೆಗೆ ಒರಗಿದ ಗೊಂಬೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಗೊಂಬೆಯ ಹೊಟ್ಟೆಯೊಳಗೆ ಇದ್ದದ್ದು ಜೋಳ ಎಂಬುದು ಖಾತ್ರಿ. ಆದರೆ ಅದು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂರುತ್ತಿತ್ತೇ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ಅದು ಹೊರಟ ದಿನದ ಡೈರಿ ತೆಗೆದು ನೋಡಿದೆ. ವಾಡಿ ಸ್ಟೇಷನ್ನಿನಲ್ಲಿ ರೈಲು ತಡವಾದದ್ದು, ಚಹಾ ಸಪ್ಪಗಿದ್ದದ್ದು ಎಲ್ಲ ಬರೆದಿದ್ದೇನೆ. ಗೊಂಬೆಯ ಬಗ್ಗೆ ಒಂದೇ ಸಾಲು: ‘ಅದನ್ನೂ ಕಳಿಸಿದೆವು.’

ಅವ್ವ ಅದನ್ನು ನನ್ನ ಮಗಳಿಗೆಂದು ಹೊಲಿದಿದ್ದಳು, ತನ್ನ ಹಸಿರು ಚೌಕಡಿ ಸೀರೆಯ ಸೆರಗು ಕತ್ತರಿಸಿ. ಅರಳೆ ತುಂಬಿದರೆ ಬೀಳುತ್ತದೆ ಎಂದು ಜೋಳ ತುಂಬಿದಳು. ಆಮೇಲೆ ಸೂಜಿ ಹಿಡಿಯಲಿಲ್ಲ. ಮುಂದಿನ ಬೇಸಿಗೆಗೆ ತೀರಿಕೊಂಡಳು. ಅವ್ವನ ಕೈಯ ಕೊನೆಯ ಕೆಲಸ ಅದು. ಮಗಳು ಅದಿಲ್ಲದೆ ಮಲಗುತ್ತಿರಲಿಲ್ಲ.

ಅಂಥದ್ದನ್ನು ಇಂಗ್ಲೆಂಡಿಗೆ ಕಳಿಸುವ ಮಾತು ಮೊದಲು ತೆಗೆದವರು ಯಾರು? ನನ್ನ ತಂಗಿ ಅಲ್ಲಿ ನರ್ಸ್. ಕೂಸೇ ಕೇಳಿತು ಎಂದು ಅವಳು ಹೇಳುತ್ತಾಳೆ. ಚಿಗವ್ವನೇ ಕೇಳಿದಳು ಎಂದು ಮಗಳು. ನನ್ನ ಕಿವಿಯಲ್ಲಿ ಉಳಿದದ್ದು ಮಗಳ ಮಾತು: “ಅಜ್ಜಿ ಸೊಲ್ಲಾಪುರ ಬಿಟ್ಟು ಮುಂದ ಏನೂ ನೋಡಿಲ್ಲ. ಗೊಂಬಿ ಆದ್ರೂ ನೋಡಿ ಬರಲಿ.” ತಂಗಿ ಅದನ್ನು ಬ್ಯಾಗಿಗೆ ತುರುಕುತ್ತ, “ಅಕ್ಕ, ಇದು ಗೊಂಬಿ ಅಲ್ಲ, ಜ್ವಾಳದ ಚೀಲ,” ಎಂದಳು. ದಸರೆಗೆ ಬರುವಾಗ ವಾಪಸ್ ತರಬೇಕೆಂದು ಮಾತಾಯಿತು.

ಮೊದಲ ಫೋಟೋ ಲಂಡನ್ ಟವರಿನದು. ಹಳೇ ಕೋಟೆಯ ಎದುರು ಕಟ್ಟೆಯ ಮೇಲೆ ಗೊಂಬೆ ಒಂದೇ ಕೂತಿತ್ತು, ಯಾರನ್ನೋ ಕಾಯುವವರ ಹಾಗೆ. ಎರಡನೆಯದು ಸ್ಟೋನ್‌ಹೆಂಜ್. ಶಹಾಬಾದಿನಲ್ಲಿ ನಮ್ಮ ಮನೆಯ ಹಿಂದೆಯೇ ಕಲ್ಲು ಕೊಯ್ಯುವ ಮಷೀನು ಇಡೀ ದಿನ ಕೂಗುತ್ತದೆ. ಮಗಳು ಫೋಟೋ ನೋಡಿ, “ಇಷ್ಟ್ ದೊಡ್ಡ ಕಲ್ಲ ಅದಾವ, ಒಂದೂ ಕೊಯ್ದಿಲ್ಲಲ್ಲ,” ಎಂದು ಬೇಸರಪಟ್ಟಳು. ಅಲ್ಲಿಯೂ ಗೊಂಬೆ ಹುಲ್ಲಿನ ಮೇಲೆ ತಾನಾಗಿಯೇ ಕೂತಿತ್ತು.

ಆಮೇಲೆ ಎರಡು ತಿಂಗಳು ಒಂದೂ ಬರಲಿಲ್ಲ. ಮಳೆ, ಡ್ಯೂಟಿ, ರಜೆ ಇಲ್ಲ ಎಂದಳು ತಂಗಿ. ಮತ್ತೆ ಶುರುವಾದಾಗ ಬಾತ್ ಊರಿನ ರೋಮನ್ನರ ಕಾಲದ ಹೊಂಡದ ಹತ್ತಿರ ಗೊಂಬೆಯ ಬೆನ್ನ ಹಿಂದೆ ತಂಗಿಯ ಕೈ ಇತ್ತು. ಡೋವರ್ ಕೋಟೆಯಲ್ಲೂ ಕೈ. ಯಾರ್ಕ್ ಊರಿನ ಹಳೇ ಗೋಡೆಗೆ ಅದನ್ನು ಒರಗಿಸಿದ್ದಳು. ಕುತ್ತಿಗೆ ಒಂದು ಕಡೆ ವಾಲಿತ್ತು.

“ಚಿಗವ್ವ, ಆಕಿಗ್ಯಾಕ ಹಿಡಕೊಂಡಿ?” ಎಂದು ಮಗಳು ಫೋನಿನಲ್ಲಿ ಕೇಳಿದಳು.

“ಇಲ್ಲಿ ಜ್ವಾಳದ ರೊಟ್ಟಿ ಎಲ್ಲಿ ಸಿಗತಾವ? ಬರೇ ಬ್ರೆಡ್ ತಿಂದು ಸೊರಗ್ಯಾಳ. ಕುಂದ್ರಾಕ ತ್ರಾಣ ಇಲ್ಲ.”

ಮಗಳು ನಕ್ಕಳು. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಚೌಕಡಿ ಅದೇ, ಹಸಿರು ಅದೇ. ಬಾಯಿಯ ಕೆಂಪು ದಾರ ಮಾತ್ರ ಹೊಸದರಂತೆ ಮಿಂಚುತ್ತಿತ್ತು. ಗೊಂಬೆ ಹರಿದಿತ್ತೇ ಎಂದು ತಂಗಿಗೆ ಕೇಳಿದೆ. “ನೀ ಎಲ್ಲಾದಕ್ಕೂ ಸಂಶಯ ಮಾಡ್ತಿ ಅಕ್ಕ,” ಎಂದಳು. ಅದು ಸುಳ್ಳಲ್ಲ. ಹಳೇ ಫೋಟೋಗಳನ್ನೆಲ್ಲ ಹುಡುಕಿದೆ. ಎಲ್ಲದರಲ್ಲೂ ಗೊಂಬೆ ಮಗಳ ತೊಡೆಯ ಮೇಲಿದೆ. ಮನೆಯಲ್ಲಿ ಅದು ಒಂಟಿಯಾಗಿ ಕೂತದ್ದಕ್ಕೆ ಸಾಕ್ಷಿಯೇ ಇಲ್ಲ.

ಅವ್ವನ ಆ ಹಸಿರು ಸೀರೆಯ ಉಳಿದ ಭಾಗ ಸುಲೇಪೇಟದಲ್ಲಿ ಅವ್ವನ ಅಕ್ಕನ ಹತ್ತಿರವಿತ್ತು, ಹಳೇ ಅರಿವೆ ಜೋಡಿಸಿ ಹೊಲಿಯುವ ಕೌದಿಗೆಂದು ಇಸಿದುಕೊಂಡಿದ್ದಳು. ಒಂದು ಭಾನುವಾರ ಚಿತ್ತಾಪುರ, ಸೇಡಂ ದಾಟಿ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತಿದ್ದಳು.

“ಬಾ ಯವ್ವಾ, ಕುಂದ್ರು. ಈಗ ನೆನಪಾಯ್ತೇನು ನಾ?”

“ನೆನಪಿತ್ತು ದೊಡ್ಡವ್ವ. ಬಸ್ ಸಿಗಲಿಲ್ಲ.”

“ಒಂದ್ ವರ್ಷ ಸಿಗಲಿಲ್ಲೇನು?”

ಫೋಟೋ ತೋರಿಸಿದೆ. ಲಂಡನ್ನಿನ ಕೋಟೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿದಳು: ಯಾರು ಕಟ್ಟಿಸಿದರು, ಒಳಗೆ ಯಾರಿದ್ದಾರೆ, ಟಿಕೆಟ್ ಇದೆಯೇ. ಯಾರ್ಕ್ ಗೋಡೆ ಬಂದಾಗ ಏನೂ ಕೇಳಲಿಲ್ಲ. “ಛಲೋ ಕುಂತಾಳ,” ಎಂದು ಫೋನ್ ಮರಳಿಸಿ ಚಹಾ ಮಾಡಲು ಎದ್ದಳು.

ಅವಳು ಒಳಗಿದ್ದಾಗ ನಾನು ಕೌದಿಯ ಪಕ್ಕದಲ್ಲಿದ್ದ ಅರಿವೆಯ ಗಂಟು ಬಿಚ್ಚಿದೆ. ನಾಚಿಕೆಯಾಯಿತು, ಆದರೂ ಬಿಚ್ಚಿದೆ. ಅವ್ವನ ಸೀರೆ ಅದರಲ್ಲೇ ಇತ್ತು. ಸೆರಗಿನ ಕಡೆ, ಅವ್ವ ಕತ್ತರಿಸಿದಲ್ಲಿ, ಎಳೆಗಳು ಬಿಚ್ಚಿ ಜೋತಾಡುತ್ತಿದ್ದವು. ಇನ್ನೊಂದು ತುದಿಯಲ್ಲಿ ಮೂರು ಗೇಣಿನಷ್ಟು ಹೋಗಿತ್ತು. ಅಲ್ಲಿಯ ಅಂಚು ನೇರ, ಈಚೆಗೆ ಕತ್ತರಿಸಿದ ಹಾಗೆ ಒಂದು ಎಳೆಯೂ ಸಡಿಲವಿಲ್ಲ. ಕೌದಿಯನ್ನು ಮೂಲೆಯಿಂದ ಮೂಲೆಗೆ ನೋಡಿದೆ. ಎಲ್ಲೂ ಹಸಿರು ಚೌಕಡಿ ಇರಲಿಲ್ಲ. ಫೋಟೋ ಬರದ ಆ ಎರಡು ತಿಂಗಳಲ್ಲೇ ತಂಗಿಯ ಜೊತೆ ಕೆಲಸ ಮಾಡುವ ಸೇಡಂನ ಹುಡುಗಿ ರಜೆಗೆ ಬಂದು ಹೋಗಿದ್ದಳು ಎಂಬುದು ಆಗ ಹೊಳೆಯಿತು. ಅಥವಾ ಹೊಳೆಯಬೇಕೆಂದು ನಾನೇ ಹೊಂದಿಸಿಕೊಂಡೆನೋ. ಸೀರೆ ಮೊದಲೇ ಎರಡೂ ಕಡೆ ಕತ್ತರಿಸಿರಲಿಲ್ಲ ಎಂದು ಹೇಳಲು ನನ್ನ ಬಳಿ ಇರುವುದು ನನ್ನ ನೆನಪು ಮಾತ್ರ.

ದೊಡ್ಡವ್ವ ಚಹಾ ತಂದು ನನ್ನ ತೊಡೆಯ ಮೇಲಿನ ಸೀರೆ ನೋಡಿದಳು.

“ಇದನ್ನ ಯಾವಾಗ ಕತ್ತರಿಸಿದಿ?”

“ಚಹಾ ಆರ್ತದ, ಕುಡಿ.” ಕಪ್ಪು ನನ್ನ ಕಡೆ ಸರಿಸಿ, “ಕೂಸು ಗೊಂಬಿ ಕೇಳ್ತದೇನು?”

“ದಿನಾ ಕೇಳ್ತಾಳ. ತಲಿದಿಂಬಿನ ಬಾಜೂ ಜಾಗ ಬಿಟ್ಟು ಮಲಗ್ತಾಳ.”

ಅವಳು ಸೀರೆ ತೆಗೆದುಕೊಂಡು ಮಡಚಿದಳು. ಕಣ್ಣು ಕಾಣುವುದಿಲ್ಲ, ಪೋಣಿಸಿ ಕೊಡು ಎಂದು ಸೂಜಿ ದಾರ ನನ್ನ ಕೈಗಿಟ್ಟಳು. ಪೋಣಿಸಿ ಕೊಟ್ಟು ಇನ್ನೊಂದು ಮಾತು ಕೇಳಿದೆ. ಅದಾಗಿ ಮೂರು ವಾರ. ದೊಡ್ಡವ್ವ ಫೋನಿನಲ್ಲಿ ಬೇರೆಲ್ಲ ಮಾತಾಡುತ್ತಾಳೆ, ಅದಕ್ಕೆ ಮಾತ್ರ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

“ದಸರಾಕ್ಕ ಕೂಸಿನ ಕೈಗೆ ಬರೋದು ಅವ್ವ ಹೊಲಿದದ್ದೋ, ನೀ ಹೊಲಿದದ್ದೋ?”