ನಮ್ಮ ಅಂಗಳದಲ್ಲಿ ಬಿದ್ದ ಎರಡು ಹಲ್ಲು

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಬಾಯಿ ತೆರೆದರೆ ಕದ ಕಿತ್ತ ಬಾಗಿಲಿನ ಹಾಗೆ ಕಪ್ಪಗೆ ಕಾಣುತ್ತಿತ್ತು. 'ಸ' ಬಂದ ಕಡೆಯೆಲ್ಲ ಸೀಟಿ ಕೇಳುತ್ತಿತ್ತು. ನನ್ನ ನಂತರ ಹನೂರಿನ ಹೈಸ್ಕೂಲಿಗೆ ಬಂದ ಮಕ್ಕಳು ಅವರನ್ನು ಸೀಟಿ ಮೇಷ್ಟ್ರು ಎಂದು ಆಡಿಕೊಳ್ಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಒಂಬತ್ತನೇ ಕ್ಲಾಸಿಗೆ ಸೇರಿದಾಗ ಆ ಹಲ್ಲುಗಳು ಇದ್ದವು, ಗಟ್ಟಿಯಾಗಿಯೇ ಇದ್ದವು. ಅವು ಮುರಿದದ್ದು ನಮ್ಮ ಮನೆಯ ಅಂಗಳದಲ್ಲಿ, ನಮ್ಮಣ್ಣನ ಕೈಯಲ್ಲಿ.

ಅವರನ್ನು ದೇವರಂಥ ಮನುಷ್ಯರು ಎಂದು ಬರೆದರೆ ಅವರೇ ಎದ್ದು ಬಂದು ಬಾರಿಸಿಯಾರು. ಕೈಯಲ್ಲಿ ಹುಣಸೆ ಬರಲಿನ ಕೋಲು ಇಲ್ಲದೆ ಕ್ಲಾಸಿಗೆ ಬಂದವರಲ್ಲ. ಡಸ್ಟರ್ ಎಸೆದರೆ ಗುರಿ ತಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬ ಹುಡುಗನ ಬೆನ್ನ ಮೇಲೆ ಬರಲು ಮುರಿಯುವ ತನಕ ಹೊಡೆದು, ಸಂಜೆ ತಾವೇ ಅವನ ಬಾಸುಂಡೆಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಹಚ್ಚುತ್ತ ಹಚ್ಚುತ್ತಲೇ ಸಿಟ್ಟು ನೆನಪಾಗಿ ಕಿವಿಯನ್ನೂ ಹಿಂಡಿದರು.

ಪುಸ್ತಕದ ವಾಕ್ಯ ಅವರಿಗೆ ಆಗುತ್ತಿರಲಿಲ್ಲ. ಹೊಸ ಪದ ಕಲಿಸಿದರೆ ಮಾರನೆಯ ದಿನ ಪ್ರತಿಯೊಬ್ಬರೂ ಅದನ್ನು ಹಾಕಿ ಒಂದು ವಾಕ್ಯ ಹೇಳಬೇಕು. "ಪುಸ್ತುಕದ್ದು ಬ್ಯಾಡ, ನಿಮ್ಮನೇದು ತನ್ನಿ" ಎನ್ನುತ್ತಿದ್ದರು. ಆ ವರ್ಷ ಒಂದು ವಾರವಿಡೀ ಶಾಂತಿಗೆ ಇಂಗ್ಲಿಷಿನವರು ಇಟ್ಟುಕೊಂಡ ಪದಗಳನ್ನು ಹೇಳಿಕೊಟ್ಟರು. ಶಾಂತಿಯ ಪಾಠವಾದರೂ ಅವರ ಉದಾಹರಣೆಗಳಲ್ಲೆಲ್ಲ ರಕ್ತ ಹರಿಯುತ್ತಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಲಗ ಫಾರೆಸ್ಟ್ ಗಾರ್ಡನನ್ನು ತುಳಿಯುವ ಮುಂಚೆ ಕಿವಿಯನ್ನೂ ಆಡಿಸದೆ ನಿಂತಿತಲ್ಲ, ಅದು ಸ್ಟಿಲ್. ಎರಡು ಕೇರಿಯವರು ತಲೆ ಒಡೆದುಕೊಂಡು, ಪೊಲೀಸರು ಲಾಠಿ ಬೀಸಿ ಹೋದ ಮೇಲೆ ನಾಯಿಯೂ ಬೊಗಳದ ಬೀದಿ ಇದೆಯಲ್ಲ, ಅದು ಕ್ವಯಟ್. ಪಾಲಾರ್ ಹೊಳೆ ದನಕರುಗಳನ್ನು ಕೊಚ್ಚಿಕೊಂಡು ಹೋಗಿ, ಆಮೇಲೆ ಮಣ್ಣು ತಳಕ್ಕೆ ಕೂತು ನೀರು ತಿಳಿಯಾದರೆ ಕಾಮ್. ಕೊನೆಗೆ ಬಂದದ್ದು ಕೂಲ್.

"ಒಬ್ಬ ಅವನಪ್ಪನ್ನ ಕೊಂದೋನ್ನ ಕಡುದ್ಬುಟ್ಟು, ಕಟ್ಟೇಲಿ ಕೈ ತೊಳ್ಕಂಡು, ಎಲೆ ಅಡ್ಕೆ ಕೊಡಿ ಅಂದ. ಅದು ಕಾಮ್ ಅಲ್ಲ ಕಣ್ರಲಾ. ಕಾಮ್ ಅಂದ್ರೆ ಆರೋದ ಒಲೆ. ಕೂಲ್ ಅಂದ್ರೆ ಬೂದಿ ಮುಚ್ಚಿದ ಕೆಂಡ. ಕಣ್ಣಿಗೆ ಎರಡೂ ಒಂದೇಯ. ಕೈ ಮಡ್ಗುದ್ರೆ ಗೊತ್ತಾಗೋದು."

ಅದು ಯಾವುದೋ ಕಥೆ ಎಂದುಕೊಂಡು ನಾವು ಬರೆದುಕೊಂಡೆವು.

ರಾಗಿ ಕೊಯ್ಲಿನ ಹೊತ್ತಿಗೆ ನಮ್ಮ ಮನೆಗೇ ಸಿಡಿಲು ಬಡಿಯಿತು. ಕೌದಳ್ಳಿಯಿಂದ ಒಳಗಿನ ಊರು ನಮ್ಮದು. ಬದುವಿನ ಜಗಳದಲ್ಲಿ ನಮ್ಮ ದಾಯಾದಿಯೊಬ್ಬ ಅಪ್ಪನ ಕುತ್ತಿಗೆಗೆ ಮಚ್ಚು ಬೀಸಿದ. ಅಣ್ಣ ಅಪ್ಪನನ್ನು ಗಾಡಿಯಲ್ಲಿ ರಾಗಿ ಹೊರೆಯ ಮೇಲೆ ಮಲಗಿಸಿಕೊಂಡು ಎತ್ತುಗಳನ್ನು ಓಡಿಸಿದ. ಕೌದಳ್ಳಿ ಮುಟ್ಟುವ ಮುಂಚೆಯೇ ಅಪ್ಪ ಹೋಗಿಬಿಟ್ಟರು. ಹೊರೆಗಳೆಲ್ಲ ಕೆಂಪಾಗಿದ್ದವು. ಅಣ್ಣನ ಕಣ್ಣಲ್ಲಿ ಮಾತ್ರ ಒಂದು ಹನಿ ಬರಲಿಲ್ಲ. ತಿಥಿಗೆ ಬಂದವರೆಲ್ಲ, ಇಷ್ಟು ಚಿಕ್ಕ ವಯಸ್ಸಿಗೆ ಎಂಥ ತಾಳ್ಮೆ ಎಂದು ಹೊಗಳಿ ಹೋದರು.

ನಾನು ತಿರುಗಿ ಸ್ಕೂಲಿಗೆ ಹೋದ ದಿನ ಮೇಷ್ಟ್ರು, ಅಪ್ಪನನ್ನು ಕಳೆದುಕೊಂಡ ಹುಡುಗಿ ಎಂದು ಒಂದು ಸಮಾಧಾನದ ಮಾತನ್ನೂ ಆಡಲಿಲ್ಲ. ಎಲ್ಲರಂತೆ ನನ್ನನ್ನೂ ಎಬ್ಬಿಸಿ ವಾಕ್ಯ ಕೇಳಿದರು.

"ಮೈ ಬ್ರದರ್ ಈಸ್ ಕಾಮ್" ಎಂದೆ.

ಅವರು ಬರಲನ್ನು ಮೇಜಿನ ಮೇಲಿಟ್ಟರು.

"ಉಣ್ತಾನಾ?"

"ಚೆಂದಾಗಿ ಉಣ್ತಾನೆ ಸಾ."

"ನಿದ್ದೆ?"

"ತಲೆ ಕೊಟ್ಟೇಟ್ಗೇ ಬತ್ತದೆ ಸಾ."

"ನಿಮ್ಮವ್ವ?"

"ರಾತ್ರಿಯೆಲ್ಲ ಅಳ್ತದೆ. ಬೆಳುಗ್ಗೆ ಎದ್ದು ಆಲ್ ಕರೀತದೆ."

"ಅದು ಕಂಪೋಸ್ಡ್, ಅತ್ತು ಸುಧಾರ್ಸ್ಕಳೋದು. ಆಯಮ್ಮ ಬದುಕ್ಕತದೆ. ಅಣ್ಣ ಇನ್ನೇನ್ ಮಾಡ್ತಾವ್ನೆ?"

"ನಂಗೆ ಎತ್ ಕಟ್ಟಿ ಕಪಿಲೆ ಒಡಿಯೋದ್ ಕಲುಸ್ತಾವ್ನೆ ಸಾ. ಇನ್ಮೇಲೆ ಬಾವಿ ನೀರು ನೀನೇ ಎತ್ಬೇಕಲ್ಲವ್ವ ಅಂದ."

"ಕಡ್ದೋನು?"

"ಜಾಮೀನ್ ಸಿಕ್ತಂತೆ ಸಾ. ನಾಳೆ ಬೆಳುಗ್ಗೆ ಬಸ್ಗೆ ಬತ್ತಾನಂತೆ."

ಹೇಳುವಾಗ ನನಗೇನೂ ಹೊಳೆದಿರಲಿಲ್ಲ. ಮೇಷ್ಟ್ರ ಮುಖ ನೋಡಿದ ಮೇಲೆ, ಅಣ್ಣ ನೀರೆತ್ತುವ ಕೆಲಸವನ್ನು ನನಗೆ ಒಪ್ಪಿಸುತ್ತಿರುವುದು ಯಾಕೆಂದು ಹೊಳೆಯಿತು. "ಪುಸ್ತುಕ ಮುಚ್ಚು, ನಡಿ" ಎಂದವರೇ ಪಾಠವನ್ನು ಅರ್ಧಕ್ಕೆ ಬಿಟ್ಟು ನನ್ನ ಜೊತೆ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು. "ಎಲೆ ಅಡ್ಕೆ ಕೇಳ್ದೋನು ನಮ್ಮಣ್ಣ ಕಣವ್ವ. ಅಪ್ಪ ಸತ್ ಮೇಲೆ ನಗ್ನಗ್ತಾ ಇದ್ದ. ಅಣ್ಣ ಶಾಂತವಾಗವ್ನೆ, ಎದುರ್ಕಬ್ಯಾಡ ಅಂತ ಅವ್ವುಂಗೆ ನಾನೇ ಏಳ್ದೆ. ಕೊಯಮತ್ತೂರ್ ಜೈಲಲ್ಲಿ ನೇಣಾಕುದ್ರು." ಅದು ಕೊಳ್ಳೇಗಾಲವೆಲ್ಲ ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಹೆಣ ತರಲು ಹೋದವರೂ ಇವರೇ ಅಂತೆ.

ನಾವು ಹೋದಾಗ ಅಣ್ಣ ಅಂಗಳದಲ್ಲಿ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ನಗುತ್ತಲೇ ಬರಮಾಡಿಕೊಂಡ, ಒಳಗಿಂದ ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ತಂದ.

"ಮಚ್ ಎಲ್ಲಿ ಮಡ್ಗಿದ್ದೀಯ?" ಎಂದರು ಮೇಷ್ಟ್ರು.

"ಮಚ್ಚಾ? ಯಾಕ್ ಸಾ? ಕುಡೀರಿ ಮಜ್ಗೆಯ."

ಮೇಷ್ಟ್ರು ಅವನ ಕೆನ್ನೆಗೆ ಬಾರಿಸಿದರು. ಅಣ್ಣ ಅಲುಗಲಿಲ್ಲ. ಇನ್ನೊಂದು ಕೆನ್ನೆಗೂ ಬಿತ್ತು. ಆಗಲೂ ಅವನ ತುಟಿಯ ಮೇಲಿನ ನಗು ಹೋಗಲಿಲ್ಲ. ನನಗೆ ಮೊದಲ ಸಲ ನನ್ನ ಅಣ್ಣನನ್ನು ಕಂಡು ಭಯವಾದದ್ದು ಆಗಲೇ. ಆಮೇಲೆ ಮೇಷ್ಟ್ರು ಊರೆಲ್ಲ ಕೇಳುವಂತೆ ಅಂದರು:

"ನಿಮ್ಮಪ್ಪ ಹೇಡಿ ಕಣ್ಲಾ. ಬೆನ್ ತೋರ್ಸಿ ಓಡ್ತಾ ಏಟ್ ತಿಂದ."

ಚೊಂಬು ಅವರ ಬಾಯಿಗೆ ಅಪ್ಪಳಿಸಿತು. ಕೆಳಗೆ ಬಿದ್ದವರ ಎದೆಯ ಮೇಲೆ ಕೂತು ಅಣ್ಣ ಗುದ್ದಿದ. ಮೂಗಿನ ಮೇಲೆ, ದವಡೆಯ ಮೇಲೆ, ಎಲ್ಲಿ ಸಿಕ್ಕರೆ ಅಲ್ಲಿ. ಅವರು ಒಂದು ಕೈಯನ್ನೂ ಅಡ್ಡ ಹಿಡಿಯಲಿಲ್ಲ. ಪಕ್ಕದವರು ಬಂದು ಎಳೆಯುವಷ್ಟರಲ್ಲಿ ಬಿಳಿ ಶರಟು ಪೂರ್ತಿ ಕೆಂಪಾಗಿತ್ತು. ಆ ಕೆಂಪು ನೋಡಿದ್ದೇ ಅಣ್ಣ ನಿಂತುಬಿಟ್ಟ. ನಂತರ ಮಣ್ಣಿಗೆ ಬಿದ್ದು, "ಅಪ್ಪಾ" ಎಂದು ಒರಲಿದ. ಎತ್ತುಗಳು ಗೂಟ ಕಿತ್ತುಕೊಳ್ಳುವಂತೆ ಬೆದರಿದವು.

ಅವ್ವ ಅವನ ಬಾಯಿ ಮುಚ್ಚಿಸಲು ಓಡಿ ಬಂದಳು. ಮೇಷ್ಟ್ರು ಹಲ್ಲು ಉಗಿದು, ಕೈಸನ್ನೆಯಲ್ಲೇ ತಡೆದರು. "ಸುಮ್ಕೆ ಬುಡವ್ವ, ಅಳ್ಲಿ." ಆ ಮಾತಿನಲ್ಲೇ ಮೊದಲ ಸೀಟಿ ಬಂತು.

ಮಚ್ಚು ಹುಲ್ಲಿನ ಬಣವೆಯಲ್ಲಿ ಸಿಕ್ಕಿತು, ಹೊಸದಾಗಿ ಸಾಣೆ ಹಿಡಿದದ್ದು.

ಅಷ್ಟಕ್ಕೇ ಅವರು ಬಿಡಲಿಲ್ಲ. ಬಾಯಿಗೆ ಟವೆಲು ಒತ್ತಿಕೊಂಡು, ಹಲ್ಲು ಉದುರಿಸಿದವನೇ ತಮಗೆ ಗಂಜಿ ಕುಡಿಸಲಿ ಎಂದು ಹಟ ಹಿಡಿದು, ಅಂದೇ ಅಣ್ಣನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಾಗಾಗಿ ಮಾರನೆಯ ಬೆಳಿಗ್ಗೆ ಕೊಂದವನು ಬಸ್ಸಿನಿಂದ ಇಳಿದಾಗ ಅಣ್ಣ ಊರಲ್ಲೇ ಇರಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತು ಅಳುತ್ತಾ ಗಂಜಿ ಆರಿಸುತ್ತಿದ್ದ. ಡಾಕ್ಟರು ಕೇಳಿದ್ದಕ್ಕೆ ಮೇಷ್ಟ್ರು ಬಾವಿಕಲ್ಲಿನ ಮೇಲೆ ಜಾರಿದೆ ಎಂದರಂತೆ. ಅಪ್ಪನ ಬಗ್ಗೆ ಅಂದ ಮಾತಿಗೆ ಅಣ್ಣನ ಕೈ ಹಿಡಿದು, "ಸುಳ್ಳು ಕಣ್ಲಾ. ನಿಮ್ಮಪ್ಪ ಎದ್ರುಗೇ ನಿಂತಿದ್ದ" ಎಂದರಂತೆ. ಕೊಂದವನಿಗೆ ಮುಂದೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಅಣ್ಣನಿಗೆ ಮದುವೆಯಾಯಿತು, ಮಕ್ಕಳಾದವು. ಮಾತೆತ್ತಿದರೆ ಕೂಗಾಡುವವನಾದ. ಅತ್ತಿಗೆ ಗೊಣಗುತ್ತಾಳೆ. ಅವನ ಕೂಗು ಕೇಳಿದಾಗಲೆಲ್ಲ ನನಗೆ ಮಾತ್ರ ಎದೆ ತಂಪಾಗುತ್ತದೆ.

ಎಪ್ಪತ್ತರ ದಶಕದಲ್ಲಿ, ರಿಟೈರಾಗಿ ಯಳಂದೂರಿನ ಮಗಳ ಮನೆಯಲ್ಲಿದ್ದಾಗ, ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದು ನಾನೂ ಅಣ್ಣನೂ ಹೋದೆವು. ದವಡೆಗೆ ಬಟ್ಟೆ ಕಟ್ಟಿದ್ದರೂ ತುಟಿ ಕೊಂಚ ತೆರೆದಿತ್ತು, ಆ ಖಾಲಿ ಜಾಗ ಕಾಣುತ್ತಿತ್ತು. ಅಣ್ಣ ಅದನ್ನು ನೋಡಿದ್ದೇ ತಡ, ಗೋಡೆಗೆ ತಲೆ ಚಚ್ಚಿಕೊಂಡು ಬೀದಿಗೆಲ್ಲ ಕೇಳುವಂತೆ ಅಳತೊಡಗಿದ. ಹಣೆಯಿಂದ ರಕ್ತ ಬಂತು. ಬಂಧುಗಳಿಗೆ ಇರುಸುಮುರುಸಾಯಿತು. ಹಿರಿಯರೊಬ್ಬರು ಬಂದು ಅವನ ಭುಜ ಹಿಡಿದರು.

"ದೊಡ್ಡೋನಾಗಿ ಇಂಗಾಡ್ತಾರೇನಪ್ಪ? ಶಾಂತವಾಗಿರು."

ನಾನು ಅವರ ಕೈಯನ್ನು ಮೆಲ್ಲಗೆ ಸರಿಸಿದೆ.

"ಬುಡಿ ಸಾ, ಅಳ್ಲಿ" ಎಂದೆ. "ಅವ್ರು ಎರಡು ಹಲ್ಲು ಕೊಟ್ಟು ತಂದ ಅಳು ಇದು."